ದೋಣಿ ಇಳಿಸುವ ದಾರಿ ಉಳಿಸಲು ಹಣ ಕೂಡಿಸುವುದು ಹೇಗೆ?

ಹುಟ್ಟುಗೋಲು:
ನಾವು ಹದಿನಾಲ್ಕು ಮಂದಿ ಕಯಾಕ್ ನಡೆಸುವವರು. ಹನ್ನೊಂದು ವರ್ಷಗಳಿಂದ ನದಿಗೆ ಇಳಿಯುತ್ತಿದ್ದ ಜಾಗಕ್ಕೆ ಹೊಸ ಮಾಲೀಕರು ಕಳೆದ ತಿಂಗಳು ಮುಳ್ಳುತಂತಿ ಎಳೆದಿದ್ದಾರೆ. ಅಲ್ಲೊಂದು ಬಂಡೆಯಿದೆ, ನಮ್ಮ ದೋಣಿಗಳ ತಳ ಉಜ್ಜಿ ಉಜ್ಜಿ ನುಣುಪಾದದ್ದು. ತಂತಿ ಅದರ ಮೇಲೆಯೇ ಹಾದುಹೋಗಿದೆ. ನೋಡಿ ಹೊಟ್ಟೆ ಉರಿಯಿತು. ವಕೀಲರ ಖರ್ಚಿಗೆ ಚಂದಾ ಎತ್ತಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಕಡವು:
ಮೊದಲು ದಾಖಲೆ, ಆಮೇಲೆ ಚಂದಾ. ಭೂಮಾಪನ ನಕ್ಷೆ ತೆಗೆಸಿ. ನೀರು ಸಾರ್ವಜನಿಕವಾದರೂ ದಡ ಖಾಸಗಿಯಾಗಿರಬಹುದು. ಎಷ್ಟೋ ಕಡೆ ಜಗಳವೆಲ್ಲ ಆ ಹತ್ತು ಹೆಜ್ಜೆಯದ್ದೇ. ಕಾನೂನೂ ದೇಶಕ್ಕೊಂದು ಬಗೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಒಳನಾಡಿನ ನೀರಿನಲ್ಲೂ ಓಡಾಡುವ ಹಕ್ಕು ಕೊಟ್ಟಿದೆ. ಪಕ್ಕದ ಇಂಗ್ಲೆಂಡಿನ ಬಹುಪಾಲು ನದಿಗಳಲ್ಲಿ ಅಂಥ ಸ್ಪಷ್ಟ ಹಕ್ಕಿಲ್ಲ.

ಸೆಳವು:
ಧೈರ್ಯಗೆಡಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ದೋಣಿಗಾರರ ಕ್ಲಬ್ಬೊಂದು ಇತರರೊಡನೆ ಸೇರಿ ನ್ಯಾಯಾಲಯದ ಮೆಟ್ಟಿಲೇರಿ 2022ರಲ್ಲಿ ಗೆದ್ದಿತು. ಹೊಳೆಯ ತಳ ಖಾಸಗಿಯಾದರೂ ಸಾರ್ವಜನಿಕ ನೀರಿನಲ್ಲಿ ಜನ ಕಾಲಿಟ್ಟು ನಡೆಯಬಹುದು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಖಾಸಗಿ ಜಮೀನು ದಾಟಿ ನೀರಿಗೆ ಬರುವ ಹಕ್ಕು ಅದರಿಂದ ಸಿಗಲಿಲ್ಲ, ಇದನ್ನು ಮರೆಯಬೇಡಿ. ಹಣಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಮೊಕದ್ದಮೆ ಬೇಡವಾದರೆ ಆ ಹಣದಲ್ಲಿ ದಾರಿಯ ಹಕ್ಕನ್ನೇ ಕೊಳ್ಳಬಹುದೇ ಎಂದು ಮಾಲೀಕರನ್ನೇ ಕೇಳಿ. ದಾನಿಗಳಿಗೂ ಈ ಎರಡೂ ದಾರಿಗಳನ್ನು ಮೊದಲೇ ಬರೆದು ತಿಳಿಸಿ.

ಹುಟ್ಟುಗೋಲು:
ಮಾಲೀಕರನ್ನು ಕೇಳುವುದು ನಮಗೆ ಹೊಳೆದೇ ಇರಲಿಲ್ಲ. ನಾಳೆ ನಕ್ಷೆಗೆ ಅರ್ಜಿ ಹಾಕಿ, ಭಾನುವಾರ ಅವರ ಮನೆಗೆ ಹೋಗುತ್ತೇವೆ.