ಭಾನುವಾರ ಸುಮ್ನೆ ಮನೆಯಲ್ಲಿದ್ದರೆ ಜಂಬ ಅಂತಾರೆ

ಡೊಂಬಿವಲಿ_ಲೋಕಲ್: ಕೆಲಸ ಅಂಧೇರಿಯಲ್ಲಿ, ದಾದರ್‌ನಲ್ಲಿ ಟ್ರೇನ್ ಬದಲಿಸಬೇಕು. ದಿನವಿಡೀ ಜನ, ಗಲಾಟೆ, ಮೀಟಿಂಗು. ಭಾನುವಾರ ಒಂದು ದಿನ ಯಾರ ಜೊತೆಗೂ ಮಾತಾಡದೆ ಇರೋಣ ಅಂದರೆ ಅತ್ತೆ ಮನೆ ಕಡೆಯವರ ಸೀಮಂತ, ಪೂಜೆ, ಏನಾದರೂ ಇದ್ದೇ ಇರುತ್ತದೆ, ಹೋಗಿ ಮೂಲೆಯಲ್ಲಿ ಕೂತರೆ ಜಂಬದವಳು ಅಂತ ಹೆಸರು. ಏನು ಮಾಡಲಿ?

ಕೋಥ್ರೂಡ್_ಮಾವ: ಜನ ಕಂಡರೆ ಭಯವಾ, ಸುಸ್ತಾ? ಎರಡೂ ಬೇರೆ ಬೇರೆ. ಸಂಕೋಚದವರಿಗೆ ಬೇರೆಯವರು ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. ಅಂತರ್ಮುಖಿಗಳು ಮೀಟಿಂಗಿನಲ್ಲಿ ಧೈರ್ಯವಾಗಿ ಮಾತಾಡಬಹುದು, ಆಮೇಲೆ ಒಂದಿಷ್ಟು ಹೊತ್ತು ಒಬ್ಬರೇ ಇರಬೇಕು, ಅಷ್ಟೇ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲೇ ಈ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದಾರೆ. ಪೂರ್ತಿ ಅಂತರ್ಮುಖಿ ಅಥವಾ ಪೂರ್ತಿ ಬಹಿರ್ಮುಖಿ ಆದವರು ಯಾರೂ ಇಲ್ಲ ಅನ್ನುವುದು ಅವರ ಅಭಿಪ್ರಾಯ. ಇದು ಕಾಯಿಲೆ ಅಲ್ಲಮ್ಮ.

ಠಾಣೆ_ಹುಡುಗ: ಬಡಿಸುವ ಕೆಲಸ ಹಿಡಿದುಬಿಡಿ ಅಕ್ಕ! ಪಲ್ಯದ ಬಕೆಟ್ ಕೈಯಲ್ಲಿದ್ದರೆ ಯಾರೂ ಹರಟೆಗೆ ಎಳೆಯುವುದಿಲ್ಲ, ಮೇಲೆ ಒಳ್ಳೆ ಹೆಸರು ಬೇರೆ. ಬೇಗ ಹೊರಡಬೇಕಾ, ಮೆಗಾಬ್ಲಾಕ್ ಇದೆ, ಹಳಿ ರಿಪೇರಿಗೆ ಟ್ರೇನ್ ಕಡಿಮೆ ಅನ್ನಿ.

ಮಾಟುಂಗಾ_ಅಕ್ಕ: ಸುಳ್ಳು ಯಾಕಪ್ಪಾ? ಗಂಡನೇ ಅವರಮ್ಮನಿಗೆ ಒಂದು ಮಾತು ಹೇಳಲಿ, ತಿಂಗಳಿಗೆ ಒಂದೆರಡು ಕಡೆ ಬರುತ್ತೇವೆ ಅಂತ. ನನಗೂ ಹರಟೆ ಆಗಲ್ಲ, ಆದರೆ ಇಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದ್ದರೆ ಹೋಗುತ್ತೇನೆ, ಜನರ ನಡುವೆ ಇದ್ದ ಹಾಗೂ ಆಯಿತು, ಬಾಯಿ ಬಿಡುವುದೂ ಬೇಡ.

ಡೊಂಬಿವಲಿ_ಲೋಕಲ್: ಗಂಡ ನನಗಿಂತ ಮೌನಿ ಅಕ್ಕ! ಅವರನ್ನು ಮಾತ್ರ ಎಲ್ಲರೂ ಗಂಭೀರ ಮನುಷ್ಯ ಅಂತಾರೆ.