ಅಪ್‌ಡೇಟ್: ತಂಗಿಗಿರೋದು ಐರನ್ ಕೊರತೆ ಅಲ್ಲ, ಥಲಸ್ಸೀಮಿಯಾ ಟ್ರೇಟ್
ಐರನ್ ಮಾತ್ರೆ ಎಷ್ಟು ನುಂಗಿದ್ರೂ ತಂಗಿ ಹಿಮೋಗ್ಲೋಬಿನ್ 11 ದಾಟ್ತಿಲ್ಲ ಯಾಕೆ ಅಂತ ಕೇಳಿದ್ನಲ್ಲ, ಉತ್ತರ ಸಿಕ್ತು. ಥಲಸ್ಸೀಮಿಯಾ ಅಂದ್ರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದಿಂದ ಬರೋ ಕಾಯಿಲೆ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಅದರ ಜೀನ್ ಬಂದಿದ್ರೆ ಟ್ರೇಟ್ ಅಂತಾರೆ. ಹೆಮಟಾಲಜಿಸ್ಟ್ (ರಕ್ತದ ಕಾಯಿಲೆ ಡಾಕ್ಟ್ರು) ಹಳೇ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ರಿಪೋರ್ಟಲ್ಲೇ ಎಂಸಿವಿ, ಅಂದ್ರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 61ನ ಆರ್‌ಬಿಸಿ (ಕೆಂಪು ರಕ್ತಕಣಗಳ ಎಣಿಕೆ) 5.8ರಿಂದ ಭಾಗಿಸಿ ತೋರಿಸಿದ್ರು, ಹತ್ತೂವರೆ ಬಂತು, 13ಕ್ಕಿಂತ ಕಮ್ಮಿ ಬಂದ್ರೆ ಟ್ರೇಟ್ ಇರಬಹುದು ಅಂತ ಅನುಮಾನ ಪಡ್ಬೇಕಂತೆ, ಮೆಂಟ್ಜರ್ ಅನ್ನೋ ಡಾಕ್ಟ್ರು 1973ರಲ್ಲೇ ಬರೆದಿದ್ದು ಇದು, ಇಷ್ಟು ಸುಲಭದ ಲೆಕ್ಕ ಮುಂಚೆ ಯಾರೂ ಹಾಕ್ಲಿಲ್ವಲ್ಲ ಅಂತ ಹೊಟ್ಟೆ ಉರೀತು. ಮೈಯಲ್ಲಿ ಐರನ್ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ನಾರ್ಮಲ್. ಹಿಮೋಗ್ಲೋಬಿನ್ ಬಗೆಗಳನ್ನ ಬೇರೆ ಮಾಡಿ ಅಳೆಯೋ ಎಚ್‌ಪಿಎಲ್‌ಸಿ ಟೆಸ್ಟಲ್ಲಿ, ಟ್ರೇಟ್ ಇದ್ರೆ ಹೆಚ್ಚಿರೋ ಹಿಮೋಗ್ಲೋಬಿನ್ ಎ2 5.2% ಬಂದು ಕನ್ಫರ್ಮ್ ಆಯ್ತು. ಅವಳಿಗೆ ಚಿಕಿತ್ಸೆ ಏನೂ ಬೇಡ, ಐರನ್ ನಿಲ್ಸಿ ಅಂದ್ರು. ಆದ್ರೆ ಮದುವೆ ಮಾತುಕತೆ ನಡೀತಿದೆ, ಹುಡುಗನಿಗೂ ಟ್ರೇಟ್ ಇದ್ರೆ ಪ್ರತಿ ಸಲ ಬಸುರಾದಾಗ್ಲೂ ಮಗುಗೆ ಥಲಸ್ಸೀಮಿಯಾ ಮೇಜರ್ (ಕಾಯಿಲೆಯ ತೀವ್ರ ರೂಪ) ಬರೋ ಸಾಧ್ಯತೆ 25%. ಅವ್ರ ಮನೇಲಿ ಬಿಚ್ಚಿ ಹೇಳಿದ್ವಿ, ಟೆಸ್ಟ್‌ಗೆ ಒಪ್ಕೊಂಡಿದಾರೆ.