ಸಹಾಯ ಬೇಕು: ‘ನಾನು’ ಯಾರೆಂಬ ಚಿಂತನೆಯ ಕುರಿತು ಕನ್ನಡ ಬರಹಗಳು

ಎಲ್ಲರಿಗೂ ನಮಸ್ಕಾರ. ‘ನಾನು’ ಎಂಬುದನ್ನು ಬೇರೆ ಬೇರೆ ಸಂಸ್ಕೃತಿಗಳು ಹೇಗೆ ಕಂಡಿವೆ ಎಂಬ ಬಗ್ಗೆ ತುಮಕೂರಿನ ನಮ್ಮ ಓದುಗರ ಬಳಗದಲ್ಲಿ ಮಾತನಾಡಬೇಕಾಗಿದ್ದು, ತಮ್ಮ ನೆರವು ಕೋರುತ್ತಿದ್ದೇನೆ.

ಗಾಲಿ, ಅಚ್ಚು, ನೊಗ ಇವುಗಳಲ್ಲಿ ಯಾವೊಂದೂ ರಥವಲ್ಲ, ಎಲ್ಲವೂ ಕೂಡಿದಾಗ ರಥವೆಂಬ ಹೆಸರು ಬರುತ್ತದೆ, ವ್ಯಕ್ತಿಯೂ ಹಾಗೆಯೇ ಎಂದು ಬೌದ್ಧ ಭಿಕ್ಷು ನಾಗಸೇನನು ದೊರೆ ಮಿಲಿಂದನಿಗೆ ವಿವರಿಸಿದ್ದನ್ನೂ, ತನ್ನೊಳಗೆ ಹುಡುಕಿದಾಗಲೆಲ್ಲ ಬಿಸಿ, ತಂಪು, ನೋವು, ನಲಿವುಗಳ ಅನುಭವವಲ್ಲದೆ ಬೇರೊಂದು ‘ನಾನು’ ಸಿಗಲಿಲ್ಲವೆಂದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆ ನನ್ನದು. ಶಂಕರರ ಆತ್ಮವಿಚಾರಕ್ಕೆ ಕನ್ನಡದಲ್ಲಿ ಸಾಮಗ್ರಿ ಸಾಕಷ್ಟಿದೆ.

ನಾವಿರುವುದರಿಂದಲೇ ನಾನಿದ್ದೇನೆ ಎಂದು ಕೀನ್ಯಾದ ಚಿಂತಕ ಜಾನ್ ಎಂಬಿಟಿ 1969ರಲ್ಲಿ ನಿರೂಪಿಸಿದ ಆಫ್ರಿಕಾದ ಚಿಂತನೆ ನನಗೆ ಎಲ್ಲಕ್ಕಿಂತ ಹತ್ತಿರವೆನಿಸಿದೆ. ಅದರ ಕುರಿತು ಕನ್ನಡದ ಲೇಖನವಾಗಲಿ, ಅನುವಾದವಾಗಲಿ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ಪಿಯುಸಿ ಓದುವ ಮಕ್ಕಳೂ ಬರುವುದರಿಂದ ಸರಳ ಬರಹವಾದರೆ ಒಳಿತು.